ಆಂಡಾಂಟಿನೊ: ಒಂದು ಮಾರ್ಕಿನ ಕಥೆ

ಮೂವತ್ತಾರನೇ ವಯಸ್ಸಿನಲ್ಲಿ ನಾನು ಮತ್ತೆ ಪರೀಕ್ಷೆಗೆ ಕೂತೆ. ಆಫೀಸಿನವರು ಬರೆಸೋ ಸರ್ಟಿಫಿಕೇಶನ್ ಅಲ್ಲ, ಪಾಶ್ಚಾತ್ಯ ಸಂಗೀತದ ಥಿಯರಿ ಪರೀಕ್ಷೆ. ಅಕ್ಕಪಕ್ಕದ ಬೆಂಚುಗಳಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳು. ಒಬ್ಬ ಹುಡುಗ ನನ್ನ ಕಡೆ ತಿರುಗಿ, "ಅಂಕಲ್, ಪೇಪರ್ ಯಾವಾಗ ಕೊಡ್ತೀರಾ?" ಅಂತ ಕೇಳಿದ. ನಾನೂ ಬರೆಯೋಕೇ ಬಂದಿದ್ದೀನಪ್ಪಾ ಅಂದೆ. ಆಗ ಅವನ ಮುಖದಲ್ಲಿ ಮೂಡಿದ ಮರುಕವನ್ನು ಇವತ್ತಿಗೂ ಮರೆತಿಲ್ಲ.

ಫಲಿತಾಂಶ ಬಂತು. ಪಾಸಾಗಿದ್ದೆ, ಆದರೆ ಡಿಸ್ಟಿಂಕ್ಷನ್‌ಗೆ ಒಂದೇ ಒಂದು ಮಾರ್ಕು ಕಡಿಮೆ. ಎಲ್ಲಿ ಹೋಯಿತು ಆ ಒಂದು ಮಾರ್ಕು ಅಂತ ಪ್ರಶ್ನೆಗಳನ್ನೆಲ್ಲ ನೆನಪು ಮಾಡಿಕೊಂಡು, ಪಾರಿಭಾಷಿಕ ಪದಗಳ ಕಿರುಪುಸ್ತಕ ಹಿಡಿದು ತಾಳೆ ನೋಡಿದೆ. ಸಿಕ್ಕಿಬಿತ್ತು. 'ಆಂಡಾಂಟಿನೊ' ಎಂದರೆ ಆಂಡಾಂಟೆಗಿಂತ ತುಸು ವೇಗವೋ, ತುಸು ನಿಧಾನವೋ? ನಾನು 'ನಿಧಾನ' ಅಂತ ಗುರುತು ಹಾಕಿದ್ದೆ. ಪುಸ್ತಕದ ಪ್ರಕಾರ ಅದು 'ವೇಗ'.

ನನ್ನ ತರ್ಕ ಸರಳವಾಗಿತ್ತು. ಇಟಾಲಿಯನ್ನಿನಲ್ಲಿ ಆಂಡಾಂಟೆ ಅಂದರೆ ನಡೆಯುತ್ತಿರುವುದು, ಸಾಗುತ್ತಿರುವುದು. ಪದದ ಕೊನೆಗೆ 'ಇನೊ' ಸೇರಿಸಿದರೆ ಅದು ಪುಟ್ಟದಾಗುತ್ತದೆ. ಸೂಪರ್‌ಮಾರ್ಕೆಟ್ಟಿನ ಝುಕಿನಿ ಇದೆಯಲ್ಲ, ಅದೂ ಹೀಗೇ ಹುಟ್ಟಿದ್ದು: 'ಝುಕ್ಕಾ' ಅಂದರೆ ಕುಂಬಳ, ಝುಕಿನಿ ಅಂದರೆ ಪುಟಾಣಿ ಕುಂಬಳಗಳು. ಹಾಗಾದರೆ ಆಂಡಾಂಟಿನೊ ಅಂದರೆ ಪುಟ್ಟ ನಡಿಗೆ. ಪುಟ್ಟ ಹೆಜ್ಜೆ ಇಡುವವರು ನಿಧಾನ ತಾನೇ?

ಶನಿವಾರ ಬೆಳಿಗ್ಗೆ ಕುಕ್ ಟೌನಿನ ಟೀಚರ್ ಮನೆಗೆ ಹೋಗಿ ಇದನ್ನೆಲ್ಲ ಒಪ್ಪಿಸಿದೆ. ಅವರು ಮಂಗಳೂರಿನ ಕಡೆಯವರು, ಎಂಬತ್ತರ ಹತ್ತಿರ ಬಂದಿದ್ದಾರೆ, ಮಂಡಿನೋವು. ನನ್ನ ವಾದ ಪೂರ್ತಿ ಕೇಳಿಸಿಕೊಂಡು ನಕ್ಕರು. "ನೀನು ಹೇಳಿದ್ದೂ ಸರಿ ಮಾರಾಯ, ಅವರು ಹೇಳಿದ್ದೂ ಸರಿ. ನಿನಗೆ ಮಾರ್ಕು ಬೇಕಾ, ಉತ್ತರ ಬೇಕಾ?"

ಎರಡೂ ಬೇಕಿತ್ತು. ಮಾರ್ಕು ಸಿಗಲಿಲ್ಲ. ಉತ್ತರ ಹುಡುಕುತ್ತಾ ಹೋದವನು ಒಂದು ಸಾವಿರ ವರ್ಷ ಹಿಂದಕ್ಕೆ ಹೋಗಿ ನಿಂತೆ.

ಮೊದಲು ಆ ಕಿರುಪುಸ್ತಕದ ವಿಷಯ ಹೇಳಬೇಕು. ಅಂಗೈಯಗಲದ್ದು, ಎ ಇಂದ ಝಡ್‌ವರೆಗೆ ಪದಗಳು, ಎದುರಿಗೆ ಒಂದೊಂದು ಸಾಲಿನ ಅರ್ಥ. ಅಲೆಗ್ರೊ: ವೇಗ. ಲಾರ್ಗೊ: ಬಹಳ ನಿಧಾನ. ನಿಘಂಟು ಅಂದರೆ ನಮಗೆ ಒಂದು ರೀತಿಯ ಸುಪ್ರೀಂ ಕೋರ್ಟು, ಅಲ್ಲಿ ಬರೆದಿದ್ದೇ ಅಂತಿಮ. ಆದರೆ ಈ ಪದಗಳು ಹೆಚ್ಚಿನವು ಹುಟ್ಟಿದ್ದು ಕಾಗದಕ್ಕೆ ಇಳಿಯದ ಏನನ್ನೋ ಹೇಗಾದರೂ ಇಳಿಸಬೇಕು ಅನ್ನೋ ಒದ್ದಾಟದಲ್ಲಿ. ಆ ಒದ್ದಾಟದ ಮೊದಲ ದೊಡ್ಡ ಗೆಲುವು 11ನೇ ಶತಮಾನದ್ದು.

ಇಟಲಿಯ ಅರೆಝೊ ಪಟ್ಟಣದಲ್ಲಿ ಗೀದೊ ಅಂತ ಒಬ್ಬ ಸನ್ಯಾಸಿ ಇದ್ದ. ಚರ್ಚಿನ ಹುಡುಗರಿಗೆ ಹಾಡು ಕಲಿಸೋದು ಅವನ ಕೆಲಸ. ಆಗ ಕಲಿಕೆ ಪೂರ್ತಿ ಬಾಯಿಪಾಠ. ವರ್ಷಗಟ್ಟಲೆ ಕೂತರೂ ಗುರು ಹಾಡಿ ತೋರಿಸದ ಹೊರತು ಹೊಸ ಹಾಡೊಂದನ್ನು ತಾವಾಗಿ ಹಾಡಲು ಯಾರಿಗೂ ಆಗುತ್ತಿರಲಿಲ್ಲ. ಗೀದೊ ಗೆರೆ ಎಳೆದು, ಗೆರೆಯ ಮೇಲೆ ಮತ್ತು ನಡುವೆ ಸ್ವರ ಕೂರಿಸುವ ಪದ್ಧತಿಯನ್ನು ಬಲಪಡಿಸಿದ. ಯಾವ ಗೆರೆ ಯಾವ ಸ್ವರದ್ದು ಅಂತ ಗೊತ್ತಾಗಲಿ ಅಂತ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ ಕೊಟ್ಟ. ಸಂತ ಯೋಹಾನನ ಮೇಲಿನ ಒಂದು ಲ್ಯಾಟಿನ್ ಸ್ತೋತ್ರದಲ್ಲಿ ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ವರದಿಂದ ಶುರುವಾಗುತ್ತದೆ. ಆ ತುಣುಕುಗಳ ಮೊದಲ ಅಕ್ಷರಗಳನ್ನೇ ಅವನು ಸ್ವರಗಳಿಗೆ ಹೆಸರಾಗಿಟ್ಟ: ಉತ್, ರೆ, ಮಿ, ಫಾ, ಸೊಲ್, ಲಾ. ನಮ್ಮ ಸ, ರಿ, ಗ, ಮ ಇವೆಲ್ಲ ಷಡ್ಜ, ಋಷಭ ಅನ್ನೋ ಹೆಸರುಗಳ ಚುಟುಕು ರೂಪ. ಅವರದ್ದು ಒಂದು ಪ್ರಾರ್ಥನೆಯಿಂದ ಕತ್ತರಿಸಿಕೊಂಡ ಚೂರುಗಳು. ಆಮೇಲೆ 'ಸಿ' ಸೇರಿತು, ಇನ್ನೂ ಆಮೇಲೆ 'ಉತ್' ಹೋಗಿ 'ದೊ' ಬಂತು.

ಒಂದು ವರ್ಷದಲ್ಲಿ, ಹೆಚ್ಚೆಂದರೆ ಎರಡರಲ್ಲಿ, ಗಾಯಕನನ್ನು ತಯಾರು ಮಾಡ್ತೀನಿ ಅಂತ ಗೀದೊ ಹೇಳಿಕೊಂಡ. ಅವನು ಮೊದಲಿದ್ದ ಪೊಂಪೋಸಾ ಮಠದ ಸಹೋದ್ಯೋಗಿಗಳಿಗೆ ಹೊಟ್ಟೆಕಿಚ್ಚಾಗಿ ಅವನು ಅಲ್ಲಿಂದ ಜಾಗ ಖಾಲಿ ಮಾಡಬೇಕಾಯಿತು. ಪೋಪ್ 19ನೇ ಜಾನ್ ಮಾತ್ರ ಅವನನ್ನು ರೋಮಿಗೆ ಕರೆಸಿ ಪದ್ಧತಿಯನ್ನು ಸ್ವತಃ ಪರೀಕ್ಷಿಸಿ ಮೆಚ್ಚಿದ. ಹೊಸ ಟೂಲ್ ತಂದವನಿಗೆ ಟೀಮಿನಲ್ಲಿ ಕಿರಿಕಿರಿ, ಮೇಲಿನವರಿಂದ ಶಹಬ್ಬಾಸ್: ಸಾವಿರ ವರ್ಷ ಆದರೂ ಇದು ಬದಲಾಗಿಲ್ಲ.

ಹೀಗೆ ಸ್ವರದ ಏರಿಳಿತ ಕಾಗದಕ್ಕೆ ಇಳಿಯಿತು. ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಮುಂದಿನ ಶತಮಾನಗಳಲ್ಲಿ ಇಳಿಯಿತು, ಅದರ ಪದಗಳಲ್ಲೊಂದು ತಮಾಷೆ ಇದೆ. 13ನೇ ಶತಮಾನದಲ್ಲಿ ಉದ್ದ ಸ್ವರಕ್ಕೆ 'ಲೋಂಗಾ', ಚಿಕ್ಕದಕ್ಕೆ 'ಬ್ರೆವಿಸ್' ಅನ್ನುತ್ತಿದ್ದರು. ಬ್ರೆವಿಸ್ ಅಂದರೆ ಲ್ಯಾಟಿನ್ನಿನಲ್ಲಿ ಚಿಕ್ಕದು ಅಂತಲೇ ಅರ್ಥ. ಆಮೇಲೆ ಅದಕ್ಕಿಂತ ಚಿಕ್ಕದು ಬೇಕಾಯಿತು, 'ಸೆಮಿಬ್ರೀವ್' ಬಂತು. ಅದಕ್ಕೂ ಚಿಕ್ಕದು ಬೇಕಾದಾಗ 'ಮಿನಿಮ್', ಅಂದರೆ ಕನಿಷ್ಠ, ಇದಕ್ಕಿಂತ ಕೆಳಗೆ ಇಲ್ಲವೇ ಇಲ್ಲ ಅಂತ. ಆದರೆ ಕೆಳಗೆ ಇನ್ನೂ ಐದಾರು ಮೆಟ್ಟಿಲು ಬಂದವು. ಇವತ್ತು 'ಅರೆ-ಚಿಕ್ಕದು' ಅನ್ನೋ ಹೆಸರಿನ ಸೆಮಿಬ್ರೀವ್ ನಾಲ್ಕು ಎಣಿಕೆ ನಿಲ್ಲುವ, ನಮ್ಮ ಪರೀಕ್ಷೆಗಳಲ್ಲಿ ಕಾಣುವ ಅತಿ ಉದ್ದದ ಸ್ವರಗಳಲ್ಲೊಂದು. 'ಕನಿಷ್ಠ' ಅನ್ನೋ ಮಿನಿಮ್ ಅದರಲ್ಲಿ ಅರ್ಧ. ನಮ್ಮ ಕಂಪನಿಗಳಲ್ಲಿ 'ವೈಸ್ ಪ್ರೆಸಿಡೆಂಟ್' ಅನ್ನೋ ಹುದ್ದೆಗೆ ಆದ ಗತಿಯೇ ಇದು, ದಿಕ್ಕು ಮಾತ್ರ ಉಲ್ಟಾ.

ಪದಗಳು ಹೀಗೆ ಸರಿದಾಡಲು ಶುರುವಾದಾಗ ನಿಘಂಟು ಬೇಕೇ ಬೇಕಾಗುತ್ತದೆ. 1470ರ ದಶಕದಲ್ಲಿ ನೇಪಲ್ಸಿನ ರಾಜನ ಆಸ್ಥಾನದಲ್ಲಿ ಯೊಹಾನೆಸ್ ಟಿಂಕ್ಟೋರಿಸ್ ಅಂತ ಒಬ್ಬ ಸಂಗೀತಗಾರ ಇದ್ದ, ಈಗಿನ ಬೆಲ್ಜಿಯಂ ಕಡೆಯವನು, ಕಾನೂನೂ ಓದಿಕೊಂಡಿದ್ದ. ರಾಜಕುಮಾರಿ ಬಿಯಾಟ್ರಿಸ್ ಅವನ ಶಿಷ್ಯೆ. ಅವಳಿಗಾಗಿ ಅವನು ಸಂಗೀತದ ಸುಮಾರು 300 ಪದಗಳ ಅರ್ಥವನ್ನು ಲ್ಯಾಟಿನ್ನಿನಲ್ಲಿ ಬರೆದ. ಸುಮಾರು 1495ರಲ್ಲಿ ಟ್ರೆವಿಸೊ ಊರಲ್ಲಿ ಅದು ಅಚ್ಚಾಯಿತು. ಅಚ್ಚಾದ ಸಂಗೀತ ನಿಘಂಟುಗಳಲ್ಲಿ ಅದೇ ಮೊದಲನೆಯದು. ವಕೀಲನ ಕೈಬರಹ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ; ಒಂದು ಪದ, ಒಂದು ವಾಕ್ಯ, ಮುಂದಿನ ಪದ.

ನನ್ನ ಆಂಡಾಂಟಿನೊ ಅದರಲ್ಲಿಲ್ಲ. ಆಂಡಾಂಟೆ, ಅಲೆಗ್ರೊ, ಅಡಾಜಿಯೊ ಯಾವುದೂ ಇಲ್ಲ. ವೇಗವನ್ನು ಪದದಲ್ಲಿ ಬರೆಯಬೇಕು ಅನ್ನೋ ಯೋಚನೆ ಆಗಿನವರಿಗೆ ಬಂದಿರಲಿಲ್ಲ. ಸ್ವರಚಿಹ್ನೆಗಳ ಪ್ರಮಾಣ ಹೇಳಿದರೆ ಸಾಕು, ಮಿಕ್ಕಿದ್ದು ಹಾಡುವವರಿಗೆ ಗೊತ್ತೇ ಇತ್ತು, ಯಾಕೆಂದರೆ ಹಾಡು ಬರೆದವನೂ ಹಾಡುವವರೂ ಹೆಚ್ಚುಕಮ್ಮಿ ಒಂದೇ ಕೋಣೆಯಲ್ಲಿದ್ದರು.

ಆ ಕೋಣೆ ಒಡೆದದ್ದು ಅಚ್ಚಿನ ಯಂತ್ರದಿಂದ. 1501ರಲ್ಲಿ ವೆನಿಸ್ಸಿನ ಪೆಟ್ರುಚ್ಚಿ ಮೊಳೆಗಳನ್ನು ಜೋಡಿಸಿ ಬಹುಧ್ವನಿ ಹಾಡುಗಳ ಪುಸ್ತಕ ಅಚ್ಚು ಹಾಕಿದ. ಮುಂದೆ ವೆನಿಸ್ಸು ಸಂಗೀತ ಪ್ರಕಟಣೆಯ ರಾಜಧಾನಿಯಾಯಿತು. ಈಗ ಹಾಡು ಅದನ್ನು ಬರೆದವನ ಮುಖವನ್ನೇ ನೋಡದವರ ಕೈಗೆ ಹೋಗಬಹುದು. ಅವರಿಗೆ ಹೇಳುವವರು ಯಾರು? 1597ರಲ್ಲಿ ವೆನಿಸ್ಸಿನ ಜೊವಾನಿ ಗಾಬ್ರಿಯೇಲಿ ತನ್ನ ಒಂದು ಕೃತಿಯಲ್ಲಿ ಎಲ್ಲಿ 'ಪಿಯಾನ್', ಎಲ್ಲಿ 'ಫೋರ್ಟೆ' ಅಂತ ಬರೆದು ಅಚ್ಚು ಹಾಕಿಸಿದ. ಪಿಯಾನ್ ಅಂದರೆ ಮೆಲ್ಲಗೆ, ಫೋರ್ಟೆ ಅಂದರೆ ಜೋರಾಗಿ. ಅಷ್ಟರಲ್ಲೇ ಫ್ಲಾರೆನ್ಸಿನಲ್ಲಿ ಒಪೆರಾ ಹುಟ್ಟಿತು, 1637ರಲ್ಲಿ ವೆನಿಸ್ಸಿನಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ನೋಡಬಹುದಾದ ಮೊದಲ ಒಪೆರಾ ಮಂದಿರ ತೆರೆಯಿತು. ಇಟಲಿಯ ಗಾಯಕರು, ಪಿಟೀಲುಗಾರರು ಯುರೋಪಿನ ಒಂದೊಂದು ಆಸ್ಥಾನಕ್ಕೂ ಕೆಲಸಕ್ಕೆ ಹೋದರು. ಪದಗಳೂ ಜೊತೆಗೇ ಹೋದವು. ಸಾಫ್ಟ್‌ವೇರಿನವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಇಂಗ್ಲಿಷ್ ಪದಗಳಲ್ಲೇ ಕೋಡ್ ಬರೆಯುವ ಹಾಗೆ, ಜರ್ಮನ್ನರೂ ಇಂಗ್ಲಿಷರೂ ಇಟಾಲಿಯನ್ನಿನಲ್ಲೇ ಅಪ್ಪಣೆ ಬರೆದರು.

ಆದರೆ ಇಟಲಿಯವರಿಗೆ ಇವು ಪಾರಿಭಾಷಿಕ ಪದಗಳೇ ಅಲ್ಲ, ಅಡುಗೆಮನೆಯ ಮಾತು. 'ಅಲೆಗ್ರೊ' ಅಂದರೆ ಅವರಿಗೆ ಖುಷಿಯಾಗಿ. 'ಅಡಾಜಿಯೊ' ಅಂದರೆ ಆರಾಮಾಗಿ. 'ಲಾರ್ಗೊ' ಅಂದರೆ ಅಗಲವಾಗಿ. 'ಸ್ಕೆರ್ಟ್ಸೊ' ಅಂದರೆ ತಮಾಷೆ, 'ಒಪೆರಾ' ಅಂದರೆ ಬರೀ ಕೆಲಸ. ನಾವು ಮನೆಗೆ ತಂದಿಟ್ಟುಕೊಂಡು ಇಎಂಐ ಕಟ್ಟುವ ಆ ವಾದ್ಯದ ಹೆಸರನ್ನೇ ನೋಡಿ. 1700ರ ಹೊತ್ತಿಗೆ ಫ್ಲಾರೆನ್ಸಿನ ಮೆದಿಚಿ ಮನೆತನದಲ್ಲಿ ವಾದ್ಯಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಅದನ್ನು ಮಾಡಿದ. ಹಳೆಯ ಹಾರ್ಪ್ಸಿಕಾರ್ಡಿನಲ್ಲಿ ಬೆರಳು ಹೇಗೆ ಒತ್ತಿದರೂ ಶಬ್ದ ಒಂದೇ ಮಟ್ಟ. ಇದರಲ್ಲಿ ಪುಟ್ಟ ಸುತ್ತಿಗೆಗಳು ತಂತಿಗೆ ಹೊಡೆಯುವುದರಿಂದ ಮೆಲ್ಲಗೂ ಬಾರಿಸಬಹುದು, ಜೋರಾಗಿಯೂ ಬಾರಿಸಬಹುದು. ಅದಕ್ಕೇ 'ಮೆಲ್ಲಗೆ-ಜೋರಾಗಿ' ವಾದ್ಯ, ಪಿಯಾನೊಫೋರ್ಟೆ. ಬಾಯಲ್ಲಿ ಸವೆದು ಸವೆದು 'ಜೋರು' ಉದುರಿಹೋಗಿ 'ಮೆಲ್ಲಗೆ' ಮಾತ್ರ ಉಳಿಯಿತು. ನಮ್ಮ ಕೆಳಗಿನ ಫ್ಲ್ಯಾಟಿನವರಿಗೆ ಇದನ್ನು ವಿವರಿಸಿ ಹೇಳಿದ್ದೇನೆ, ಅವರು ನಂಬಿಲ್ಲ.

ಪದ ಗಡಿ ದಾಟಿದ ಕೂಡಲೇ ಅದರ ಮನೆಮಾತಿನ ಅರ್ಥ ಉದುರುತ್ತದೆ, ಕೆಲಸದ ಅರ್ಥ ಮಾತ್ರ ಉಳಿಯುತ್ತದೆ. ಫ್ರಾನ್ಸಿನ ಪಾದ್ರಿ ಸೆಬಾಸ್ಟಿಯನ್ ದ ಬ್ರೊಸಾರ್‌ಗೆ ಇದು ಕಂಡಿತ್ತು. ಇಟಾಲಿಯನ್ ಸಂಗೀತ ಫ್ರಾನ್ಸಿಗೆ ಬರುತ್ತಿತ್ತು, ಅದರ ಮೇಲಿನ ಪದಗಳು ನುಡಿಸುವವರಿಗೆ ಅರ್ಥವಾಗುತ್ತಿರಲಿಲ್ಲ. 1703ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಒಂದು ಸಂಗೀತ ನಿಘಂಟು ತಂದ. ಅದರಲ್ಲಿ ಅಲೆಗ್ರೊ ಅಂದರೆ ಉಲ್ಲಾಸದಿಂದ ಅಂತಲೇ ಇದೆ. ಹೆಚ್ಚಾಗಿ ಚುರುಕಾಗಿ, ಆದರೆ ಕೆಲವೊಮ್ಮೆ ಮಧ್ಯಮ ವೇಗದಲ್ಲೂ ಉಲ್ಲಾಸ ಇರಬಹುದು ಅಂತ ಸೇರಿಸಿದ್ದಾನೆ. ಆಂಡಾಂಟೆ ಅಂದರೆ ಸಮ ಹೆಜ್ಜೆಯಲ್ಲಿ ನಡೆಯುವುದು, ಒಂದೊಂದು ಸ್ವರವನ್ನೂ ಸಮನಾಗಿ, ಬಿಡಿಬಿಡಿಯಾಗಿ ನುಡಿಸುವುದು. ಗಮನಿಸಿ, ಅಲ್ಲಿ ಅದು ವೇಗದ ಮಾತೇ ಅಲ್ಲ, ನಡಿಗೆಯ ರೀತಿ. ಈ ನಿಘಂಟನ್ನೇ ಹಿಗ್ಗಿಸಿ ಕುಗ್ಗಿಸಿ 1740ರಲ್ಲಿ ಗ್ರಾಸಿನೊ ಎಂಬವನು ಇಂಗ್ಲಿಷಿಗೆ ತಂದ. ನಡುವೆ 1732ರಲ್ಲಿ ವೈಮಾರ್ ಊರಿನ ಆರ್ಗನ್ ವಾದಕ ಯೊಹಾನ್ ಗಾಟ್‌ಫ್ರೀಡ್ ವಾಲ್ಟರ್ ಜರ್ಮನ್ನಿನಲ್ಲಿ ಇನ್ನೊಂದು ತಂದ, ಅದರಲ್ಲಿ ಪದಗಳ ಜೊತೆಗೆ ಸಂಗೀತಗಾರರ ಬದುಕಿನ ವಿವರಗಳೂ ಇದ್ದವು. ವಾಲ್ಟರ್ ದೊಡ್ಡ ಬಾಖ್‌ನ ಸಂಬಂಧಿ. ಲೈಪ್ಜಿಗ್ಗಿನಲ್ಲಿ ಆ ಪುಸ್ತಕದ ಪ್ರತಿಗಳನ್ನು ಮಾರಲು ಸಹಾಯ ಮಾಡಿದವನು ಸಾಕ್ಷಾತ್ ಯೊಹಾನ್ ಸೆಬಾಸ್ಟಿಯನ್ ಬಾಖ್.

ಆಮೇಲೆ ಬಂದವನು ರೂಸೋ. ಹೌದು, ನಾವು ಪಿಯುಸಿಯಲ್ಲಿ ಫ್ರೆಂಚ್ ಕ್ರಾಂತಿಯ ಪಾಠದಲ್ಲಿ ಓದಿದ ಅದೇ ರೂಸೋ. ಹೊಟ್ಟೆಪಾಡಿಗೆ ಅವನು ಸಂಗೀತದ ಹಾಳೆಗಳನ್ನು ನಕಲು ಮಾಡುತ್ತಿದ್ದ. ಡಿಡೆರೋನ ವಿಶ್ವಕೋಶಕ್ಕೆ ಸಂಗೀತದ ಲೇಖನಗಳನ್ನು ಗಡಿಬಿಡಿಯಲ್ಲಿ ಬರೆದುಕೊಟ್ಟು ಬೈಸಿಕೊಂಡ, ಆಮೇಲೆ ಅವನ್ನೇ ತಿದ್ದಿ ಬೆಳೆಸಿ 1768ರ ಮುದ್ರೆಯೊಂದಿಗೆ ತನ್ನದೇ ಸಂಗೀತ ನಿಘಂಟು ಹೊರತಂದ. ಅದರಲ್ಲಿ ವೇಗದ ಐದು ಮುಖ್ಯ ಮೆಟ್ಟಿಲುಗಳಿವೆ: ಲಾರ್ಗೊ, ಅಡಾಜಿಯೊ, ಆಂಡಾಂಟೆ, ಅಲೆಗ್ರೊ, ಪ್ರೆಸ್ಟೊ. ಬ್ರೊಸಾರ್‌ನ ನಡಿಗೆ ಇಲ್ಲಿ ಅಳತೆಗೋಲಿನ ಮೇಲಿನ ಒಂದು ಗುರುತಾಗಿದೆ.

ಆಂಡಾಂಟೆಯ ಕೆಳಗೇ ನನ್ನ ಆಂಡಾಂಟಿನೊ ಇತ್ತು! ಆಂಡಾಂಟಿನೊ ಅಂದರೆ ಆಂಡಾಂಟೆಗಿಂತ ಉಲ್ಲಾಸ ಸ್ವಲ್ಪ ಕಡಿಮೆ, ಅಂದರೆ ನಿಧಾನ. ಲಾರ್ಗೊದಿಂದ ಬಂದ 'ಲಾರ್ಗೆಟ್ಟೊ' ಇದಕ್ಕೆ ತೀರಾ ವಿರುದ್ಧ, ಇದನ್ನು ಚೆನ್ನಾಗಿ ಗಮನಿಸಿ ಅಂತ ರೂಸೋ ಎಚ್ಚರಿಸುತ್ತಾನೆ. ನಾನು ಆಫೀಸಿನಲ್ಲಿದ್ದೆ, ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು ಇದನ್ನು ಓದುತ್ತಿದ್ದೆ. ಮೇಜು ಗುದ್ದಿದೆ. ಸಾಕ್ಷಾತ್ ರೂಸೋ ನನ್ನ ಕಡೆ!

ಟೀಚರ್‌ಗೆ ಫೋನ್ ಮಾಡಿದೆ. "ಆಯ್ತು, ಖುಷಿಪಡು. ಇನ್ನೂ ಐವತ್ತು ವರ್ಷ ಮುಂದೆ ಓದು" ಅಂದರು.

ಐವತ್ತು ವರ್ಷದಲ್ಲಿ ಆದದ್ದು ಇಷ್ಟು. 18ನೇ ಶತಮಾನದವರಿಗೆ ಆಂಡಾಂಟೆ ಅಂದರೆ ಸಾಗುತ್ತಿರುವ ಲಯ; 'ಇನ್ನಷ್ಟು ಆಂಡಾಂಟೆ' ಅಂದರೆ ಇನ್ನಷ್ಟು ಮುಂದಕ್ಕೆ ಸಾಗು, ಅಂದರೆ ವೇಗ. ಆ ಲೆಕ್ಕದಲ್ಲಿ 'ಪುಟ್ಟ ಆಂಡಾಂಟೆ' ನಿಧಾನ. ಆದರೆ ಒಂದು ಸಿಂಫನಿಯಲ್ಲಿ, ಒಂದು ಸೊನಾಟಾದಲ್ಲಿ ಆಂಡಾಂಟೆ ಬರುತ್ತಿದ್ದದ್ದು ಸಾಮಾನ್ಯವಾಗಿ ನಡುವೆ, ಎರಡು ವೇಗದ ಭಾಗಗಳ ಮಧ್ಯದ ನಿಧಾನದ ಭಾಗವಾಗಿ. ಹೀಗಾಗಿ ಇಟಾಲಿಯನ್ ಬಾರದವರ ಕಿವಿಯಲ್ಲಿ ಆಂಡಾಂಟೆ ಅಂದರೆ 'ನಿಧಾನ' ಅಂತ ಕೂತುಬಿಟ್ಟಿತು. ಆಂಡಾಂಟೆಯೇ ನಿಧಾನವಾದರೆ 'ಪುಟ್ಟ ಆಂಡಾಂಟೆ' ಅಂದರೆ ಅಷ್ಟು ನಿಧಾನವಲ್ಲ ಅಂತ, ಅಂದರೆ ತುಸು ವೇಗ. ತಾಯಿಪದದ ಅರ್ಥ ತುಸು ವಾಲಿದ್ದಕ್ಕೆ ಮರಿಪದ ಪೂರ್ತಿ ಮಗುಚಿಬಿತ್ತು. ಪರೀಕ್ಷೆಯವರ ಉತ್ತರ ಮಗುಚಿದ ಮೇಲಿನದ್ದು, ನನ್ನದು ಮಗುಚುವ ಮುಂಚಿನದ್ದು.

ಈ ಗೊಂದಲದ ನಟ್ಟನಡುವೆ ಒಬ್ಬ ದೊಡ್ಡ ಮನುಷ್ಯ ಸಿಕ್ಕಿಹಾಕಿಕೊಂಡಿದ್ದ. ಎಡಿನ್‌ಬರೊದ ಜಾರ್ಜ್ ಥಾಮ್ಸನ್ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡುಗಳ ಜನಪದ ಮಟ್ಟುಗಳನ್ನು ಸಂಗ್ರಹಿಸಿ, ಅವಕ್ಕೆ ಪಕ್ಕವಾದ್ಯ ಬರೆದುಕೊಡಿ ಅಂತ ವಿಯೆನ್ನಾಗೆ ಕಳಿಸುತ್ತಿದ್ದ. ಬರೆದುಕೊಡುತ್ತಿದ್ದವನು ಬೇಥೋವನ್. ಈಗಿನ ಭಾಷೆಯಲ್ಲಿ ಫ್ರೀಲಾನ್ಸ್ ಕೆಲಸ. 1813ರ ಫೆಬ್ರವರಿಯಲ್ಲಿ ಬೇಥೋವನ್ ಥಾಮ್ಸನ್‌ಗೆ ಒಂದು ಪತ್ರ ಬರೆದು ಕೇಳಿಕೊಂಡ: ಮುಂದೆ ಕಳಿಸುವ ಮಟ್ಟುಗಳಲ್ಲಿ ಆಂಡಾಂಟಿನೊ ಅಂತ ಇದ್ದರೆ, ಅದು ಆಂಡಾಂಟೆಗಿಂತ ವೇಗವೋ ನಿಧಾನವೋ ದಯವಿಟ್ಟು ಬರೆದು ಕಳಿಸಿ. ಸಂಗೀತದ ಎಷ್ಟೋ ಪದಗಳ ಹಾಗೆ ಇದರ ಅರ್ಥವೂ ಗಟ್ಟಿಯಿಲ್ಲ, ಒಮ್ಮೆ ಅಲೆಗ್ರೊದ ಹತ್ತಿರ ಹೋಗುತ್ತದೆ, ಒಮ್ಮೆ ಅಡಾಜಿಯೊ ಆಗಿಬಿಡುತ್ತದೆ ಅನ್ನೋದು ಅವನ ದೂರು.

ಪತ್ರದ ತಾರೀಖು ಎರಡು ಸಲ ನೋಡಿದೆ. ಏಳು ಸಿಂಫನಿಗಳನ್ನು ಬರೆದು ಮುಗಿಸಿ, ಎಂಟನೆಯದನ್ನೂ ಕೈಯಲ್ಲಿಟ್ಟುಕೊಂಡಿದ್ದ ಬೇಥೋವನ್‌ಗೆ ನನ್ನ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಆ ಒಂದು ಮಾರ್ಕು ಅವನಿಗೂ ಅನುಮಾನವೇ.

ಅವನು ಕೈಕಟ್ಟಿ ಕೂರಲಿಲ್ಲ. 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್ ಅನ್ನೋ ಕುಶಲಕರ್ಮಿ ಎರಡೂ ತುದಿಗೆ ತೂಕವಿರುವ ಒಂದು ಲೋಲಕ ಮಾಡಿದ, ಚಿಕ್ಕದಾಗಿದ್ದರೂ ನಿಧಾನಕ್ಕೆ ತೂಗಬಲ್ಲಂಥದ್ದು. ಅದನ್ನು ನೋಡಿದ ಮೆಲ್ಟ್ಸೆಲ್ ಎಂಬಾತ ಒಂದು ಅಳತೆಪಟ್ಟಿ ಸೇರಿಸಿ, 'ಮೆಟ್ರೊನೋಮ್' ಅಂತ ಹೆಸರಿಟ್ಟು, ತನ್ನ ಹೆಸರಲ್ಲಿ ಪೇಟೆಂಟ್ ಮಾಡಿಸಿಕೊಂಡ. ಬೇಥೋವನ್‌ಗೆ ಕಿವಿಗೆ ಹಿಡಿಯುವ ಕೊಳವೆಗಳನ್ನು ಮಾಡಿಕೊಟ್ಟವನೂ ಇವನೇ, ಚದುರಂಗ ಆಡುವ 'ಯಂತ್ರಮಾನವ'ನ ಹೊಟ್ಟೆಯೊಳಗೆ ಮನುಷ್ಯನನ್ನು ಕೂರಿಸಿ ಊರೂರು ತೋರಿಸಿ ದುಡ್ಡು ಮಾಡಿದವನೂ ಇವನೇ. ಇರಲಿ. ನಿಮಿಷಕ್ಕೆ ಎಷ್ಟು ಬಡಿತ ಅಂತ ಸಂಖ್ಯೆಯಲ್ಲೇ ಹೇಳಬಹುದು ಅಂದಾಗ ಬೇಥೋವನ್‌ಗೆ ಭಾರಿ ಖುಷಿ. 1817ರಲ್ಲಿ ತನ್ನ ಎಂಟೂ ಸಿಂಫನಿಗಳಿಗೆ ಮೆಟ್ರೊನೋಮ್ ಸಂಖ್ಯೆಗಳನ್ನು ಪ್ರಕಟಿಸಿದ. ಅದೇ ವರ್ಷ ಮೋಸೆಲ್ ಎಂಬ ಗೆಳೆಯನಿಗೆ ಬರೆದ ಪತ್ರದಲ್ಲಿ, ಈ ಅಲೆಗ್ರೊ, ಆಂಡಾಂಟೆ, ಅಡಾಜಿಯೊ, ಪ್ರೆಸ್ಟೊಗಳ ಅರ್ಥಗೇಡಿ ಹಂಗನ್ನು ಬಿಟ್ಟುಬಿಡ್ತೀನಿ ಅಂದ. ಖುಷಿಯ ಲೇಶವೂ ಇಲ್ಲದ ಕೃತಿಯ ತಲೆಯ ಮೇಲೆ 'ಖುಷಿಯಾಗಿ' ಅಂತ ಯಾಕೆ ಬರೆಯಬೇಕು ಅನ್ನೋದು ಅವನ ಪ್ರಶ್ನೆ. ಆದರೆ ಕೃತಿಯ ಗುಣ ಹೇಳುವ ಪದಗಳನ್ನು ಮಾತ್ರ ಬಿಡೋಕಾಗಲ್ಲ ಅಂತಲೂ ಸೇರಿಸಿದ. ವೇಗ ಕೃತಿಯ ದೇಹವಾದರೆ ಅವು ಅದರ ಜೀವಕ್ಕೆ ಸೇರಿದ್ದು.

ಬಿಟ್ಟನೇ? ಇಲ್ಲ. 1824ರ ಒಂಬತ್ತನೇ ಸಿಂಫನಿ ತೆರೆದು ನೋಡಿ, ಮೊದಲ ಪುಟದಲ್ಲೇ ಅಲೆಗ್ರೊ ಇದೆ. ಒಂದು ಹಾಡಿನ ಹಸ್ತಪ್ರತಿಯಲ್ಲಂತೂ ಮೆಟ್ರೊನೋಮ್ ಸಂಖ್ಯೆ ಕೊಟ್ಟು, ಇದು ಮೊದಲ ಕೆಲವು ಅಳತೆಗಳಿಗೆ ಮಾತ್ರ, ಭಾವಕ್ಕೂ ಅದರದೇ ಲಯ ಇರುತ್ತದೆ ಅಂತ ಟಿಪ್ಪಣಿ ಹಾಕಿದ್ದಾನೆ. ಸಂಖ್ಯೆ ಬಂದರೆ ಪದದ ಜಗಳ ಮುಗಿಯುತ್ತದೆ ಅಂತ ನಂಬಿದವನಿಗೆ ಸಂಖ್ಯೆಯೂ ಸಾಕಾಗಲಿಲ್ಲ.

ಮುಂದಿನವರು ಬೇರೆ ದಾರಿ ಹಿಡಿದರು. ಶೂಮನ್ ಜರ್ಮನ್ನಿನಲ್ಲಿ ಬರೆದ, ಮಾಹ್ಲರ್ ಜರ್ಮನ್ನಿನಲ್ಲೇ ಉದ್ದುದ್ದ ಸೂಚನೆ ಬರೆದ. ಆಸ್ಟ್ರೇಲಿಯಾದ ಪರ್ಸಿ ಗ್ರೇಂಜರ್ 'ಕ್ರೆಶೆಂಡೊ' ಬೇಡ ಅಂತ 'ಲೌಡನ್' ಅಂದ. ಲ್ಯಾಟಿನ್ ಬೆರಕೆಯಿಲ್ಲದ ಅಚ್ಚ ಇಂಗ್ಲಿಷ್ ಬೇಕು ಅನ್ನೋದು ಅವನ ಹಟ. ನಮ್ಮಲ್ಲಿ ಸಂಸ್ಕೃತ ಪದಗಳನ್ನು ತೆಗೆದು ಕನ್ನಡದ್ದೇ ಪದ ಕಟ್ಟುವ ಗೆಳೆಯರಿಗೆ ಇವನ ಪರಿಚಯ ಮಾಡಿಸಬೇಕು. ಆದರೂ ಇಟಾಲಿಯನ್ ಪದಗಳು ಜಾಗ ಬಿಟ್ಟು ಕದಲಲಿಲ್ಲ.

ಕೊನೆಗೆ ಒಬ್ಬ ಎಂಜಿನಿಯರ್ ಬಂದ. ಜಾರ್ಜ್ ಗ್ರೋವ್ ಸಿವಿಲ್ ಎಂಜಿನಿಯರ್, ಜಮೈಕಾ ಮತ್ತು ಬರ್ಮುಡಾಗಳಲ್ಲಿ ಎರಕದ ಕಬ್ಬಿಣದ ದೀಪಸ್ತಂಭ ನಿಲ್ಲಿಸಿದವನು. ಸಂಗೀತದಲ್ಲಿ ಕ್ರಮವಾದ ಶಿಕ್ಷಣ ಇಲ್ಲ, ಹುಚ್ಚು ಮಾತ್ರ ವಿಪರೀತ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕಾರ್ಯದರ್ಶಿಯಾಗಿ ಅಲ್ಲಿನ ಕಛೇರಿಗಳಿಗೆ ಬರುವ ಸಾಮಾನ್ಯ ಕೇಳುಗರಿಗಾಗಿ ಟಿಪ್ಪಣಿ ಬರೆಯುತ್ತಾ ಬರೆಯುತ್ತಾ, 1879ರಿಂದ 1889ರವರೆಗೆ ನಾಲ್ಕು ಸಂಪುಟಗಳ ನಿಘಂಟು ಸಂಪಾದಿಸಿದ. ಅದು ಬೆಳೆದೂ ಬೆಳೆದೂ 1980ರಲ್ಲಿ 20 ಸಂಪುಟವಾಯಿತು, 2001ರಲ್ಲಿ 29. ಅಂಥ ಘನ ಗ್ರಂಥದ 1980ರ ಆವೃತ್ತಿಯಲ್ಲಿ ಯಾರೋ ಕಿಡಿಗೇಡಿ ಬರಹಗಾರ ಹುಟ್ಟೇ ಇರದ ಒಬ್ಬ ಡೇನಿಶ್ ಸಂಗೀತಗಾರನ ಜೀವನಚರಿತ್ರೆ ತೂರಿಸಿಬಿಟ್ಟಿದ್ದ, ಎಸ್ರುಮ್-ಹೆಲೆರುಪ್ ಅಂತ. ಗೊತ್ತಾದ ಮೇಲೆ ತೆಗೆದುಹಾಕಿದರು. ಸುಪ್ರೀಂ ಕೋರ್ಟೂ ಮೋಸ ಹೋಗುತ್ತದೆ.

ಗ್ರೋವ್‌ನ ಮೊದಲ ಆವೃತ್ತಿಯಲ್ಲಿ ಆಂಡಾಂಟಿನೊ ಇದೆ. ಪದದ ನ್ಯಾಯದಲ್ಲಿ ನೋಡಿದರೆ ಅದು ನಿಧಾನವೇ, ಆದರೆ ಈಗಿನ ಕೆಲವರು ಮೂಲ ಅರ್ಥ ಮರೆತು ವೇಗ ಅಂತ ಬಳಸುತ್ತಾರೆ, ಯಾವುದು ಅಂತ ಆಯಾ ಕೃತಿ ನೋಡಿಯೇ ಹೇಳಬೇಕು ಅಂತ ವಿವರಣೆ. ಆಮೇಲೆ ಕೊಟ್ಟಿರುವ ಉದಾಹರಣೆಯೇ ಕೊನೆಯ ಹೊಡೆತ. 1846ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲು ಹಾಡಿದ, ಮೆಂಡೆಲ್ಸೋನನ 'ಎಲೈಜಾ'ದಲ್ಲಿ ಮೂರು ಹಾಡುಗಳಿವೆ. ಒಂದರ ಮೇಲೆ 'ಚಲನೆಯುಳ್ಳ ಆಂಡಾಂಟೆ', ಇನ್ನೊಂದರ ಮೇಲೆ ಬರೀ 'ಆಂಡಾಂಟೆ', ಮತ್ತೊಂದರ ಮೇಲೆ 'ಆಂಡಾಂಟಿನೊ'. ಮೂರಕ್ಕೂ ಮೆಟ್ರೊನೋಮ್ ಸಂಖ್ಯೆ ಒಂದೇ: 72.

ಪದ ಮೂರು, ವೇಗ ಒಂದು. ಹಾಗಾದರೆ ಮೆಂಡೆಲ್ಸೋನ್ ಅಷ್ಟು ಶ್ರಮಪಟ್ಟು ಬೇರೆ ಬೇರೆ ಬರೆದದ್ದು ಯಾಕೆ? ಹಾಡುವವನಿಗೆ ಬೇರೇನನ್ನೋ ಹೇಳುತ್ತಿದ್ದ ಅಂತ ನನಗನ್ನಿಸುತ್ತದೆ, ಹೇಗೆ ನಡೆಯಬೇಕು ಅನ್ನೋದನ್ನು. ನೂರೈವತ್ತು ವರ್ಷ ಹಿಂದಿನ ಬ್ರೊಸಾರ್ ಹೇಳಿದ್ದೂ ಅದನ್ನೇ ಅಲ್ಲವಾ?

ನಮ್ಮ ಕಡೆ ಈ ತಲೆನೋವು ಯಾಕಿಲ್ಲ ಅಂತ ಯೋಚಿಸಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಎರಡೂ ಲೋಕ ಬಲ್ಲವರು. ಪಿಯಾನೊ ಕಲಿತಿದ್ದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ನಿಕೊಲಾಯ್ ಮೆಡ್ಟ್ನರ್‌ನ ಕೃತಿಗಳು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಣವಾಗಲು ದುಡ್ಡು ಕೊಟ್ಟರು, ಅವನು ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಇವರಿಗೇ ಅರ್ಪಿಸಿದ. ಅದರ ತಲೆಯ ಮೇಲೂ ಇಟಾಲಿಯನ್ ಪದಗಳೇ. ಇದೇ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನೂ ರಚಿಸಿದ್ದಾರೆ. ಅಂಥ ಕೃತಿಯ ತಲೆಯ ಮೇಲೆ ಇರುವುದು ರಾಗ ಮತ್ತು ತಾಳ. ವಿಳಂಬ, ಮಧ್ಯಮ, ದ್ರುತ ಅನ್ನೋ ಪದಗಳು ನಮಗೂ ಇವೆ, ಆದರೆ ಇಂಥ ಕೃತಿಯನ್ನು ಇಂಥ ನಡೆಯಲ್ಲಿ ಹಾಡಬೇಕು ಅನ್ನೋದು ಹೆಚ್ಚಾಗಿ ಗುರುವಿನ ಬಾಯಿಂದ, ತೊಡೆಯ ಮೇಲೆ ತಟ್ಟುವ ಕೈಯಿಂದ ಬರುತ್ತದೆ. ಗುರು-ಶಿಷ್ಯರು ಇನ್ನೂ ಒಂದೇ ಕೋಣೆಯಲ್ಲಿದ್ದಾರೆ. ಆ ಕೋಣೆ ಬಿಟ್ಟು ಹೊರಗೆ ಬಂದ ಸಂಗೀತಕ್ಕೆ ಮಾತ್ರ ಪದಗಳ ಊರುಗೋಲು ಬೇಕಾಯಿತು.

ಇದನ್ನೆಲ್ಲ ಗುಡ್ಡೆ ಹಾಕಿಕೊಂಡು ಮತ್ತೆ ಒಂದು ಶನಿವಾರ ಟೀಚರ್ ಮನೆಗೆ ಹೋದೆ. ಪರೀಕ್ಷೆಯವರಿಗೆ ಬರೆಯಲು ಇಮೇಲ್ ಕೂಡ ತಯಾರಿತ್ತು, ರೂಸೋ, ಬೇಥೋವನ್, ಗ್ರೋವ್ ಎಲ್ಲ ಸೇರಿಸಿ. ಟೀಚರ್ ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಒಂದು ಹಳೇ ಪುಸ್ತಕ ತಂದರು, ಅಂಚು ಪುಡಿಯಾಗುತ್ತಿತ್ತು. ಅದರಲ್ಲಿ ಮಕ್ಕಳ ಒಂದು ಪುಟ್ಟ ಪಾಠ, ಮೇಲೆ 'ಆಂಡಾಂಟಿನೊ' ಅಂತ ಅಚ್ಚಾಗಿದೆ. ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಕೊಂಕಣಿಯಲ್ಲಿ ಏನೋ ಬರೆದಿತ್ತು.

"ನಮ್ಮ ಮಿಸ್ ಬರೆದದ್ದು, ನಾನು ಒಂಬತ್ತು ವರ್ಷದವಳಿರುವಾಗ," ಅಂದರು.

"ಏನಂತ ಟೀಚರ್?"

"'ಮಿಸ್ಸಾ ಮುಗಿಸಿ ಮನೆಗೆ ಹೋಗುವ ಹಾಗೆ. ಮಳೆ ಇಲ್ಲ' ಅಂತ."

ನನ್ನನ್ನು ಕೂರಿಸಿ ಅದನ್ನೇ ನುಡಿಸು ಅಂದರು. ನುಡಿಸಿದೆ. "ನೀನು ಎಂ.ಜಿ. ರೋಡ್ ಮೆಟ್ರೊದಲ್ಲಿ ಟ್ರೇನು ಹಿಡಿಯುವವನ ಹಾಗೆ ಹೋಗ್ತಿದ್ದೀಯ" ಅಂತ ನಿಲ್ಲಿಸಿ, ತಾವೇ ಕೂತರು. ಅವರು ನುಡಿಸಿದ್ದು ನನಗಿಂತ ಎಷ್ಟೋ ನಿಧಾನ, ಗಂಟುಕಟ್ಟಿದ ಬೆರಳುಗಳು. ಅಭ್ಯಾಸಬಲದಿಂದ ನಾನು ಫೋನಿನ ಮೆಟ್ರೊನೋಮ್ ಆ್ಯಪ್ ತೆರೆದೆ. ಸಂಖ್ಯೆ ಸರಿಸಿದ ಹಾಗೆ ಪಕ್ಕದಲ್ಲಿ ಪದ ಬದಲಾಗುತ್ತದೆ ಅದರಲ್ಲಿ. ಅವರ ಲಯಕ್ಕೆ ಹೊಂದಿಸಿದಾಗ 'ಅಡಾಜಿಯೊ' ಅಂತ ತೋರಿಸಿತು. ಆದರೆ ಕಿವಿಯಲ್ಲಿ ಕೇಳುತ್ತಿದ್ದದ್ದು ಮಿಸ್ಸಾ ಮುಗಿಸಿ ಮನೆಗೆ ಹೋಗುತ್ತಿರುವ ಒಬ್ಬರ ನಡಿಗೆಯೇ. ಅವರ ಮಂಡಿ ನೋಯುತ್ತಿತ್ತು, ಅಷ್ಟೇ.

ಇಮೇಲ್ ಇನ್ನೂ ಡ್ರಾಫ್ಟಿನಲ್ಲೇ ಇದೆ. ಆ ಪೆನ್ಸಿಲ್ ಸಾಲನ್ನು ನನ್ನ ಕಿರುಪುಸ್ತಕದಲ್ಲಿ, ಆಂಡಾಂಟಿನೊದ ಎದುರಿಗೆ, 'ತುಸು ವೇಗ' ಅನ್ನೋದರ ಕೆಳಗೆ ಬರೆದುಕೊಂಡಿದ್ದೇನೆ. ಮುಂದಿನ ಗ್ರೇಡಿನ ಪರೀಕ್ಷೆ ನವೆಂಬರಿನಲ್ಲಿ. ಆ ಪ್ರಶ್ನೆ ಮತ್ತೆ ಬಂದರೆ 'ವೇಗ' ಅಂತಲೇ ಗುರುತು ಹಾಕ್ತೀನಿ. ಆ ಹುಡುಗನ ಮುಂದೆ ಇನ್ನೊಂದು ಸಲ ಮರ್ಯಾದೆ ಕಳೆದುಕೊಳ್ಳೋಕಾಗಲ್ಲ.